ಬಸ್ಸಿನ ದಾರಿ, ಬಸ್ಸಿಗೆ ದಾರಿ

(ಧಾರವಾಡದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಹುಬ್ಬಳ್ಳಿಯಿಂದ ಬಂದವರು ಕೈ ಎತ್ತಿ ಎಂದು ಮೊದಲಿಗೇ ಕೇಳಿದೆ. ಸಭೆಯ ಅರ್ಧದಷ್ಟು ಕೈಗಳು ಎದ್ದವು. ಚಿಗರಿ ಬಸ್ಸಿನಲ್ಲಿ ಬಂದವರನ್ನು ಬಿಟ್ಟು ಉಳಿದವರು ಕೈ ಇಳಿಸಿ ಎಂದೆ. ಏಳೆಂಟು ಕೈಗಳು ಉಳಿದವು. ಉಳಿದವರು ಸ್ಕೂಟರಿನಲ್ಲಿ, ಕಾರಿನಲ್ಲಿ ಬಂದಿದ್ದೀರಿ. ಅದು ತಪ್ಪೆಂದು ಹೇಳಲು ನಾನು ಬಂದಿಲ್ಲ. ನಡುರಸ್ತೆಯಲ್ಲಿ ಅಷ್ಟು ಒಳ್ಳೆಯ ಬಸ್ಸು ಓಡಾಡುತ್ತಿರುವಾಗ ನಿಮ್ಮ ಕೈ ಯಾಕೆ ಇಳಿಯಿತು ಎಂಬುದೇ ಇಂದಿನ ನನ್ನ ವಿಷಯ.

ಸಾರಿಗೆ ಎಂಜಿನಿಯರಿಂಗ್ ಕಲಿಸುತ್ತ ನಾನು ಮೂವತ್ತು ವರ್ಷ ಕಳೆದೆ. ಪ್ರತಿ ವರ್ಷ ಒಂದು ತಂಡವನ್ನು ಪಿ.ಬಿ. ರೋಡಿಗೆ, ಅಂದರೆ ಎರಡು ಊರನ್ನು ಸೇರಿಸುವ ಹಳೆಯ ಪುಣೆ-ಬೆಂಗಳೂರು ರಸ್ತೆಗೆ, ಕರೆದುಕೊಂಡು ಹೋಗಿ, ಕೈಯಲ್ಲಿ ಹಾಳೆ ಕೊಟ್ಟು ವಾಹನ ಎಣಿಸಲು ನಿಲ್ಲಿಸುತ್ತಿದ್ದೆ. ಮೊದಲ ವರ್ಷಗಳಲ್ಲಿ ನಾನೇ ಒಂದು ತಪ್ಪು ಮಾಡಿದೆ. ಕಾರಿಗೊಂದು ಗೀಟು, ಬಸ್ಸಿಗೊಂದು ಗೀಟು ಎಂದು ಎಣಿಸಲು ಕಲಿಸಿದೆ. ಆಗ ಒಬ್ಬ ಹುಡುಗಿ ಹಾಳೆ ಹಿಡಿದು ಬಂದು, 'ಸರ್, ಬಸ್ಸಿನಾಗ ಬಾಗಲದಾಗೂ ಜನ ಜೋತಾಡಾಕತ್ತಾರ, ಅದಕ್ಕೂ ಒಂದ ಗೀಟ ಹಾಕ್ಲ್ಯಾ?' ಎಂದಳು. ಅಂದಿನಿಂದ ನಮ್ಮ ಹಾಳೆಯಲ್ಲಿ ಜನರ ಕಾಲಂ ಬಂತು. 2006ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ರಾಷ್ಟ್ರೀಯ ನಗರ ಸಾರಿಗೆ ನೀತಿ ಹೇಳಿದ್ದೂ ಅದನ್ನೇ: ರಸ್ತೆ ಇರುವುದು ಜನರನ್ನು ಸಾಗಿಸಲು, ವಾಹನಗಳನ್ನಲ್ಲ. ಹುಬ್ಬಳ್ಳಿ-ಧಾರವಾಡ ಬಿಆರ್‌ಟಿಎಸ್, ಅಂದರೆ ಚಿಗರಿ ಬಸ್ಸು ಓಡುವ ತ್ವರಿತ ಬಸ್ ಸಾರಿಗೆ, ಹುಟ್ಟಿದ್ದು ಆ ನೀತಿಯ ಬೆನ್ನಿಗೆ.

ಹಿನ್ನೆಲೆಯನ್ನು ಚುಟುಕಾಗಿ ಹೇಳುತ್ತೇನೆ, ನಿಮಗೆಲ್ಲ ಗೊತ್ತಿರುವುದೇ. ವಿಶ್ವಬ್ಯಾಂಕಿನ ನೆರವು ಬಂತು. 2012ರಲ್ಲಿ ಯೋಜನೆಗೆಂದೇ ಒಂದು ಕಂಪನಿ ಆಯಿತು. ಪಿ.ಬಿ. ರೋಡನ್ನು ಜಾಗಕ್ಕೆ ತಕ್ಕಂತೆ 35 ಮೀಟರಿನಿಂದ 44 ಮೀಟರಿನವರೆಗೆ ಅಗಲ ಮಾಡಿದರು. ಎಷ್ಟೋ ಮನೆ, ಅಂಗಡಿ, ಮರಗಳು ಹೋದವು. ಸುಮಾರು 22 ಕಿಲೋಮೀಟರ್ ಉದ್ದಕ್ಕೆ ನಡುವೆ ಬಸ್ಸಿಗೇ ಮೀಸಲಾದ ಪಥ ಬಂತು. 2018ರ ಅಕ್ಟೋಬರ್ 2ರಂದು ಪ್ರಾಯೋಗಿಕ ಓಡಾಟ ಶುರುವಾಯಿತು. 2020ರ ಫೆಬ್ರುವರಿಯಲ್ಲಿ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಅವರಿಂದ ವಿಧಿವತ್ತಾಗಿ ಉದ್ಘಾಟನೆ ಆಯಿತು. ಖರ್ಚು ಸುಮಾರು 970 ಕೋಟಿ ರೂಪಾಯಿ. ಓಡಿಸುವ ಹೊಣೆ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯದು. ಬಸ್ಸಿಗೆ ಚಿಗರಿ ಎಂದು ಹೆಸರಿಟ್ಟವರಿಗೆ ನಾನು ಮನಸಾರೆ ನಮಸ್ಕಾರ ಹೇಳುತ್ತೇನೆ. ಪುಸ್ತಕದ ಜಿಂಕೆಯನ್ನು ಬಿಟ್ಟು ನಮ್ಮ ಹೊಲದ ಚಿಗರಿಯನ್ನು ತಂದರು. ಆ ಹೆಸರಿನಿಂದಲೇ ಬಸ್ಸು ಅರ್ಧ ನಮ್ಮದಾಯಿತು.

ಈ ಯೋಜನೆ ನಮ್ಮ ಊರಿಗೆ ಸರಿಯಾಗಿತ್ತೇ? ಸರಿಯಾಗಿತ್ತು ಎಂದು ನಾನು ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ. ಮಧ್ಯಮ ಗಾತ್ರದ ಎಲ್ಲ ಊರುಗಳಿಗೂ ಇದು ಹೊಂದುವುದಿಲ್ಲ. ಅಂಥ ಊರುಗಳಲ್ಲಿ ಜನ ಸಾಮಾನ್ಯವಾಗಿ ಮೂರು-ನಾಲ್ಕು ಕಿಲೋಮೀಟರ್ ಓಡಾಡುತ್ತಾರೆ, ಅದೂ ದಿಕ್ಕುದಿಕ್ಕಿಗೆ. ನಿಲ್ದಾಣಕ್ಕೆ ಹತ್ತು ನಿಮಿಷ ನಡೆದು, ಐದು ನಿಮಿಷ ಕಾದು, ಎಂಟು ನಿಮಿಷ ಬಸ್ಸಿನಲ್ಲಿ ಹೋಗುವುದಕ್ಕಿಂತ ಗಾಡಿಗೆ ಕಿಕ್ ಹೊಡೆಯುವುದೇ ಲೇಸು ಎನ್ನಿಸುತ್ತದೆ. ನಮ್ಮ ಊರಿನ ಆಕಾರವೇ ಬೇರೆ. 1962ರಲ್ಲಿ ಒಂದೇ ಪಾಲಿಕೆಯಾದ ಈ ಎರಡು ಊರು ತಕ್ಕಡಿಯ ಎರಡು ತಟ್ಟೆಗಳಿದ್ದಂತೆ, ನಡುವೆ ಪಿ.ಬಿ. ರೋಡೆಂಬ ಒಂದು ದಂಡಿಗೆ. ಧಾರವಾಡದ ತಟ್ಟೆಯಲ್ಲಿ ವಿಶ್ವವಿದ್ಯಾಲಯ, ಜಿಲ್ಲಾ ಕಚೇರಿ, ಹೈಕೋರ್ಟ್ ಪೀಠ. ಹುಬ್ಬಳ್ಳಿಯದರಲ್ಲಿ ರೈಲ್ವೆ ವಲಯದ ಕೇಂದ್ರ, ಮಾರುಕಟ್ಟೆ, ಜನ ಕಿಮ್ಸ್ ಎಂದೇ ಕರೆಯುವ ಆಸ್ಪತ್ರೆ. ಓದಿಗೆ ಇತ್ತ ಬರಬೇಕು, ರೋಗಕ್ಕೆ ಅತ್ತ ಹೋಗಬೇಕು. ನಡುವೆ ಉಣಕಲ್, ನವನಗರ, ರಾಯಾಪುರ, ಸತ್ತೂರು, ನವಲೂರು ಎಲ್ಲವೂ ಆ ದಂಡಿಗೆಗೇ ಕಟ್ಟಿಕೊಂಡಿವೆ. ಒಂಬತ್ತು ಲಕ್ಷಕ್ಕೂ ಮೀರಿದ ಊರಿನ ಓಡಾಟ ಇಷ್ಟು ನೆಟ್ಟಗೆ ಒಂದೇ ಗೆರೆಯ ಮೇಲೆ ಬೀಳುವುದು ಅಪರೂಪ. ಬಿಆರ್‌ಟಿಎಸ್ ಎಂಬ ಬೀಜಕ್ಕೆ ಇದಕ್ಕಿಂತ ಹದವಾದ ಹೊಲ ಕರ್ನಾಟಕದಲ್ಲಿ ನನಗೆ ಕಾಣುವುದಿಲ್ಲ.

ಮೀಸಲು ಪಥ ಕೊಡುವುದು ವೇಗವನ್ನು ಎಂದು ಬಹಳ ಜನ ತಿಳಿದಿದ್ದಾರೆ. ನಾನು ಹಾಗೆ ನೋಡುವುದಿಲ್ಲ. ಅದು ಕೊಡುವುದು ಖಾತ್ರಿಯನ್ನು. ಸ್ವಲ್ಪ ಲೆಕ್ಕ ಹೇಳುತ್ತೇನೆ, ವಿದ್ಯಾರ್ಥಿಗಳು ಗಮನಿಸಿ. ಒಂದು ಸಿಗ್ನಲ್ಲಿನ ಪೂರ್ತಿ ಸುತ್ತು 120 ಸೆಕೆಂಡು, ಅದರಲ್ಲಿ ನಮ್ಮ ದಿಕ್ಕಿಗೆ ಹಸಿರು 30 ಸೆಕೆಂಡು ಎಂದಿಟ್ಟುಕೊಳ್ಳಿ. ನಾಲ್ಕು ಸಲ ಬಂದರೆ ಮೂರು ಸಲ ಕೆಂಪು ಸಿಗುತ್ತದೆ. ಸಿಕ್ಕಾಗ ಸರಾಸರಿ 45 ಸೆಕೆಂಡು ಕಾಯಬೇಕು. ಒಟ್ಟಾರೆ ಒಂದು ಸಿಗ್ನಲ್ಲಿಗೆ ಸುಮಾರು 34 ಸೆಕೆಂಡು. ದಾರಿಯಲ್ಲಿ ಅಂಥ ಇಪ್ಪತ್ತು ಸಿಗ್ನಲ್ ಇದ್ದರೆ ಹನ್ನೊಂದು ನಿಮಿಷ ಹೋಯಿತು. ಹನ್ನೊಂದು ನಿಮಿಷ ದೊಡ್ಡದಲ್ಲ ಎನ್ನಬಹುದು. ಆದರೆ ಅದು ಸರಾಸರಿ. ಅದೃಷ್ಟ ಒಲಿದ ದಿನ ಒಂದು ನಿಮಿಷವೂ ಹೋಗಲಿಕ್ಕಿಲ್ಲ, ಕೈಕೊಟ್ಟ ದಿನ ಅರ್ಧ ತಾಸಿನ ಹತ್ತಿರ ಹೋದೀತು. ಒಂಬತ್ತಕ್ಕೆ ಹಾಜರಿ ಹಾಕಬೇಕಾದ ಹೆಣ್ಣುಮಗಳು ಯಾವ ದಿನವನ್ನು ನಂಬಿ ಮನೆ ಬಿಡಬೇಕು? ಕೆಟ್ಟ ದಿನವನ್ನೇ ನಂಬಿ ಬಿಡುತ್ತಾಳೆ. ದಿನಾಲೂ ಅರ್ಧ ತಾಸು ಮುಂಚೆ ಏಳುತ್ತಾಳೆ, ಅರ್ಧ ತಾಸು ಮುಂಚೆ ರೊಟ್ಟಿ ಬಡಿಯುತ್ತಾಳೆ. ಬಸ್ಸಿಗೆ ಬೇರೆ ಪಥವಿದ್ದರೆ, ಅದನ್ನು ಕಂಡು ಸಿಗ್ನಲ್ ತಾನೇ ಹಸಿರಾಗುವಂತೆ ಮಾಡಬಹುದು. ಆ ಏರ್ಪಾಟಿಗೆ ನಮ್ಮ ಪರಿಭಾಷೆಯಲ್ಲಿ ದೊಡ್ಡ ಹೆಸರಿದೆ. ನನ್ನ ಲೆಕ್ಕದಲ್ಲಿ ಅದು ಆಕೆಗೆ ಸಿಗುವ ಅರ್ಧ ತಾಸಿನ ನಿದ್ದೆ.

ನಿಲ್ದಾಣದಲ್ಲೂ ಇಂಥದೇ ಕೆಲಸ ನಡೆದಿದೆ. ಟಿಕೆಟನ್ನು ಒಳಗೇ ಕೊಡುತ್ತಾರೆ, ಹಾಗಾಗಿ ಕಂಡಕ್ಟರನ ಮುಂದೆ ಚಿಲ್ಲರೆಗಾಗಿ ನಿಲ್ಲಬೇಕಾಗಿಲ್ಲ. ನಿಲ್ದಾಣದ ಕಟ್ಟೆಯೂ ಬಸ್ಸಿನ ನೆಲವೂ ಸಮಸಮ. ಎಲ್ಲ ಕಡೆ ನಿಲ್ಲುವ ಬಸ್ಸನ್ನು ಹಿಂದಿನಿಂದ ಬಂದ ಎಕ್ಸ್‌ಪ್ರೆಸ್ ಬಸ್ಸು ದಾಟಿ ಹೋಗಲು ನಿಲ್ದಾಣಗಳ ಬಳಿ ಹೆಚ್ಚಿನ ಪಥವಿದೆ. ಕೊಲಂಬಿಯಾದ ಬೊಗೊಟಾ ನಗರದಲ್ಲಿ 2000ದಲ್ಲಿ ಶುರುವಾದ ಟ್ರಾನ್ಸ್‌ಮಿಲೇನಿಯೋ ಲೋಕಕ್ಕೆ ತೋರಿಸಿಕೊಟ್ಟ ಉಪಾಯ ಅದು. ನಮ್ಮ ಯೋಜಕರು ಅದನ್ನು ಬಿಟ್ಟುಕೊಡಲಿಲ್ಲ, ಜಾಗ ಕಷ್ಟವಾದರೂ ಇಟ್ಟರು. ಅವರ ಕಸುಬುದಾರಿಕೆಗೆ ನನ್ನ ಗೌರವವಿದೆ.

ಕಟ್ಟೆ ಸಮಸಮ ಎಂದರೇನು ಎಂದು ನನಗೆ ತಿಳಿದದ್ದು ನಕ್ಷೆಯಲ್ಲಲ್ಲ. ಕಳೆದ ಮಳೆಗಾಲದ ಒಂದು ಸಂಜೆ ಹುಬ್ಬಳ್ಳಿಯಿಂದ ಬರಲು ನಿಂತಿದ್ದೆ. ಪಕ್ಕದಲ್ಲಿ ಇಳಕಲ್ ಸೀರೆಯುಟ್ಟ ಒಬ್ಬ ಅಜ್ಜಿ. ಆಸ್ಪತ್ರೆಯ ಫೋಟೊ ಕವರನ್ನು ಎದೆಗೆ ಅವುಚಿಕೊಂಡಿದ್ದರು. ಎರಡೂ ಮೊಣಕಾಲು ಬಾತಿದ್ದವು. ಬಸ್ಸು ಬಂದು ನಿಂತಿತು, ಬಾಗಿಲು ತೆರೆಯಿತು. ಅಜ್ಜಿ ಸೀರೆಯ ನಿರಿಗೆ ಎತ್ತಿ, ಪಕ್ಕದ ಹುಡುಗನ ಹೆಗಲಿಗೆ ಕೈ ಹಾಕಿ, 'ತಮ್ಮಾ, ಕಾಲ ಎಷ್ಟ ಎತ್ಲೋ?' ಎಂದರು. ಆತ, 'ಎತ್ತೂದ ಬ್ಯಾಡ ಆಯೀ, ಮನೀ ಹೊಸ್ತಲಾ ದಾಟಿಧಂಗ ದಾಟ್ರಿ' ಎಂದ. ಅವರು ದಾಟಿದರು. ಒಳಗೆ ಹೋದ ಮೇಲೆ ಒಮ್ಮೆ ಹಿಂತಿರುಗಿ ಆ ಬಾಗಿಲಿನ ಸಂದನ್ನು ನೋಡಿದರು. ನಾಲ್ಕು ಬೆರಳು ಇತ್ತೋ ಇಲ್ಲವೋ. ಆ ನೋಟ ಕಂಡಾಗ ನನ್ನ ಮೂವತ್ತು ವರ್ಷದ ಪಾಠ ಸಾರ್ಥಕವಾಯಿತು ಅನ್ನಿಸಿತು. ಈ ಅಜ್ಜಿಯ ಕಡೆಗೆ ಮತ್ತೆ ಬರುತ್ತೇನೆ.

ಈಗ ಊರಿನಲ್ಲಿ ಕೇಳಿಬರುವ ಮಾತಿಗೆ ಬರೋಣ. ನಡುವಿನ ಪಥ ಖಾಲಿ ಬಿದ್ದಿದೆ, ಪಕ್ಕದಲ್ಲಿ ನಾವು ನುಗ್ಗಾಟದಲ್ಲಿ ಸಾಯುತ್ತಿದ್ದೇವೆ, ಪಥದ ಪಕ್ಕದ ಸರಳು ಕಿತ್ತು ಎಲ್ಲರಿಗೂ ಬಿಡಿ. ಹೀಗೆನ್ನುವವರ ಸಿಟ್ಟು ಸುಳ್ಳಲ್ಲ. ಹೆಲ್ಮೆಟ್ಟಿನೊಳಗೆ ಬೆವರು ಸುರಿಸುತ್ತ ನಿಂತವರಿಗೆ ಪಕ್ಕದ ಬರಿದಾದ ಕಾಂಕ್ರೀಟು ಕಣ್ಣು ಕುಕ್ಕುತ್ತದೆ. ಆದರೆ ಬಸ್ಸಿನ ಪಥ ಖಾಲಿ ಕಾಣಲೇಬೇಕು. ಎರಡು ನಿಮಿಷಕ್ಕೊಂದು ಬಸ್ಸು ಓಡಿದರೆ ತಾಸಿಗೆ 30 ಬಸ್ಸು. ಒಂದರಲ್ಲಿ 60 ಜನ ಎಂದರೆ 1800 ಜನ. ಅಷ್ಟೇ ಜನ ಕಾರಿಗೆ ಒಂದೂವರೆಯಂತೆ ಬಂದರೆ 1200 ಕಾರು ಬೇಕು. ಸಿಗ್ನಲ್ಲುಗಳಿರುವ ರಸ್ತೆಯ ಒಂದು ಸಾಲಿನಲ್ಲಿ ತಾಸಿಗೆ ಅಷ್ಟು ಕಾರು ದಾಟಲಾರವು. ಬಸ್ಸು ನಿಮ್ಮೆದುರು ಮೂರು ಸೆಕೆಂಡಿನಲ್ಲಿ ಹಾದುಹೋಗುತ್ತದೆ. ಉಳಿದ 117 ಸೆಕೆಂಡು ನಿಮ್ಮ ಕಣ್ಣಿಗೆ ಕಾಣುವುದು ಬರಿ ರಸ್ತೆ. ಕಾಲುವೆಯಲ್ಲಿ ನೀರು ಹರಿದು ಹೋದ ಮೇಲೆ ನೋಡಿದವನಿಗೆ ಅದು ಒಣ ಕಾಲುವೆಯೇ.

ಹೀಗೆ ಹೇಳುವಾಗ ಒಂದು ಮಾತನ್ನು ಮುಚ್ಚಿಡಬಾರದು. ನಮ್ಮಲ್ಲಿ ಬಸ್ಸಿಗೆ ಎದುರಾಳಿ ಕಾರಲ್ಲ, ದ್ವಿಚಕ್ರ ವಾಹನ. ಲೀಟರಿಗೆ ಐವತ್ತು ಕಿಲೋಮೀಟರ್ ಕೊಡುವ ಗಾಡಿಗೆ, ಪೆಟ್ರೋಲಿಗೆ ನೂರು ರೂಪಾಯಿ ಎಂದರೂ, ಕಿಲೋಮೀಟರಿಗೆ ಎರಡು ರೂಪಾಯಿ. ಗಂಡ ಹೆಂಡತಿ ಇಬ್ಬರೂ ಹತ್ತಿದರೆ ತಲೆಗೊಂದು ರೂಪಾಯಿ. ಮನೆಯ ಬಾಗಿಲಲ್ಲಿ ಹತ್ತಿ ಕಚೇರಿಯ ಬಾಗಿಲಲ್ಲಿ ಇಳಿಯಬಹುದು. ಲ್ಯಾಟಿನ್ ಅಮೆರಿಕದ ಪುಸ್ತಕಗಳಲ್ಲಿ ಈ ಎದುರಾಳಿ ಇಷ್ಟು ದೊಡ್ಡದಾಗಿ ಇರಲಿಲ್ಲ. ಅಲ್ಲಿಂದ ನಕ್ಷೆ ತರುವಾಗ ಭಾರತದ ಊರುಗಳು ಈ ಲೆಕ್ಕ ತಪ್ಪಿದವು.

ದೆಹಲಿಯ ಕತೆ ಕೇಳಿ. ಅಂಬೇಡ್ಕರ್ ನಗರದಿಂದ ಮೂಲಚಂದ್‌ವರೆಗೆ ಬರೀ 5.8 ಕಿಲೋಮೀಟರ್ ಪಥ, 2008ರಲ್ಲಿ ತೆರೆಯಿತು. ಕಾರಿನವರ ಕೂಗು ಮೊದಲ ವಾರದಿಂದಲೇ ಪತ್ರಿಕೆ ತುಂಬಿತು. ವಿಷಯ ದೆಹಲಿ ಹೈಕೋರ್ಟಿಗೂ ಹೋಯಿತು. 2012ರಲ್ಲಿ ನ್ಯಾಯಾಲಯ ಪಥವನ್ನು ಎಲ್ಲರಿಗೂ ಬಿಡಿ ಎಂಬ ಅರ್ಜಿಯನ್ನು ತಳ್ಳಿಹಾಕಿತು. ಕೋರ್ಟಿನಲ್ಲಿ ಬಸ್ಸು ಗೆದ್ದಿತು. ಆದರೂ 2016ರಲ್ಲಿ ಆ ಪಥವನ್ನು ಒಡೆದು ಹಾಕಿದರು. ಪುಣೆಯಲ್ಲಿ 2006ರಲ್ಲಿ ಕಟ್ಟಿದ ಮೊದಲ ಪಥವೂ ಬಾಳಲಿಲ್ಲ. ಭೋಪಾಲ್ 2024ರಲ್ಲಿ ಕಿತ್ತಿತು, ಇಂದೋರೂ ಅದೇ ದಾರಿ ಹಿಡಿಯಿತು. ಅದೇ ದೇಶದ ಅಹಮದಾಬಾದಿನಲ್ಲಿ 2009ರಲ್ಲಿ ಶುರುವಾದ ಜನಮಾರ್ಗ ಉಳಿಯಿತು, ಬೆಳೆಯಿತು. ಸೆಪ್ಟ್ ವಿಶ್ವವಿದ್ಯಾಲಯದ ಪ್ರೊಫೆಸರ್ ಶಿವಾನಂದ ಸ್ವಾಮಿಯವರ ತಂಡ ಅಲ್ಲಿ ಒಂದು ಗೆರೆಯನ್ನಷ್ಟೇ ಯೋಚಿಸಲಿಲ್ಲ, ಊರಿನ ಮೇಲೆ ಹಾಸುವ ಬಲೆಯನ್ನು ಯೋಚಿಸಿತು. ದೆಹಲಿಯ 5.8 ಕಿಲೋಮೀಟರಿನಿಂದ ಮನೆಗೆ ಯಾರೂ ತಲುಪುತ್ತಿರಲಿಲ್ಲ. ಜನಮಾರ್ಗದಲ್ಲಿ ಒಂದು ಗೆರೆಯಿಂದ ಇನ್ನೊಂದು ಗೆರೆಗೆ ದಾಟಬಹುದಿತ್ತು. ಬ್ರೆಜಿಲಿನ ಕುರಿಟೀಬಾ ಇನ್ನೂ ಹಿಂದಿನದು. 1970ರ ಜನಗಣತಿಯಲ್ಲಿ ಅದು ಆರು ಲಕ್ಷ ಜನರ ಊರು, ಅಂದರೆ ನಮಗಿಂತಲೂ ಚಿಕ್ಕದು. ಮೇಯರ್ ಜೈಮೆ ಲೆರ್ನರ್ ಅವರ ಕಾಲದಲ್ಲಿ, 1974ರಲ್ಲಿ, ಅಲ್ಲಿ ಬಸ್ಸಿನ ಪಥ ಬಂತು. ಜೊತೆಗೇ, ಎತ್ತರದ ಕಟ್ಟಡಗಳು ಆ ಪಥದ ಎಡಬಲದಲ್ಲೇ ಏಳಬೇಕು, ದೂರ ಹೋದಂತೆ ತಗ್ಗಬೇಕು ಎಂಬ ಕಟ್ಟಳೆಯೂ ಬಂತು. ಜನವಸತಿ ಬಸ್ಸಿನ ಬಳಿಗೆ ನಡೆದು ಬಂತು.

ನಮ್ಮಲ್ಲಿ ಹಾಗಾಗಲಿಲ್ಲ. ಹೊಸ ಬಡಾವಣೆಗಳು ಅಗ್ಗದ ನಿವೇಶನ ಸಿಕ್ಕಲ್ಲೆಲ್ಲ ಎದ್ದವು, ಪಿ.ಬಿ. ರೋಡಿನಿಂದ ಎರಡು ಮೂರು ಕಿಲೋಮೀಟರ್ ಒಳಗೆ. ಅಲ್ಲಿಂದ ನಿಲ್ದಾಣಕ್ಕೆ ಆಟೋ ಹಿಡಿದರೆ ಚಿಗರಿಯ ಟಿಕೆಟಿಗಿಂತ ಆಟೋ ಬಾಡಿಗೆಯೇ ಹೆಚ್ಚು. ಯೋಜನೆಯ ಹಣವೆಲ್ಲ ಸರಳಿನ ಒಳಗೆ ಹೋಯಿತು. ಸರಳಿನ ಹೊರಗೆ, ಅಂದರೆ ಬಸ್ಸಿಗೆ ಬರುವ ದಾರಿಗೆ, ಅದರ ನೂರರಲ್ಲೊಂದು ಪಾಲಿನಷ್ಟು ಅಕ್ಕರೆಯೂ ಸಿಗಲಿಲ್ಲ ಎಂಬುದು ನನ್ನ ನೋವು. ಇದನ್ನು ಯಾರೋ ಒಬ್ಬ ಅಧಿಕಾರಿಯ ಮೇಲೆ ಹೊರಿಸಲಾಗದು. ದೇಶದ ಅನುದಾನದ ಪದ್ಧತಿಯೇ ಹಾಗಿದೆ. ಕಾಂಕ್ರೀಟಿಗೆ ಹಣ ಒಂದೇ ಸಲ ಬರುತ್ತದೆ, ಫಲಕ ಹಾಕಬಹುದು, ರಿಬ್ಬನ್ ಕತ್ತರಿಸಬಹುದು. ಚಾಲಕನ ಸಂಬಳ, ಟೈರು, ಸೋರುವ ಚಾವಣಿಯ ರಿಪೇರಿ, ಓಣಿಗೆ ಬರುವ ಚಿಕ್ಕ ಬಸ್ಸಿನ ಡೀಸೆಲ್ಲು, ಇವು ವರ್ಷ ವರ್ಷ ಬೇಡುವ ಹಣ. ಬಸ್ಸಿನ ಆಯಸ್ಸೇ ಹತ್ತು-ಹನ್ನೆರಡು ವರ್ಷ. 2018ರಲ್ಲಿ ಓಡಲು ಶುರುವಾದ ಬಸ್ಸುಗಳ ಜಾಗಕ್ಕೆ ಹೊಸವನ್ನು ತರುವ ಹೊತ್ತು ಬಾಗಿಲಿಗೆ ಬಂದಿದೆ.

ಹಳೆಯ ಬಸ್ಸುಗಳನ್ನೂ ಮರೆಯಬಾರದು. ಚಿಗರಿ ಬರುವ ಮೊದಲೇ ಎರಡು ಊರಿನ ನಡುವೆ ಬೇಂದ್ರೆ ಎಂಬ ಹೆಸರಿನ ಖಾಸಗಿ ಬಸ್ಸು ಓಡುತ್ತಿತ್ತು. ಕೈ ತೋರಿಸಿದಲ್ಲಿ ನಿಲ್ಲುವ ಬಸ್ಸು, ಬಾಗಿಲಲ್ಲಿ ನಿಂತು 'ಹುಬ್ಳಿ ಹುಬ್ಳಿ ಹುಬ್ಳಿ' ಎಂದು ಕೂಗುವ ಹುಡುಗ. ಅದನ್ನು ಬರೀ ತೊಡಕೆಂದು ಕಂಡ ಯೋಜಕರಿದ್ದಾರೆ. ಜನಕ್ಕೆ ಎಲ್ಲಿ ಬಸ್ಸು ಬೇಕು ಎಂಬುದನ್ನು ಆ ಹುಡುಗನಷ್ಟು ಬಲ್ಲವರು ಯಾವ ಸಮೀಕ್ಷೆಯಲ್ಲೂ ಸಿಗುವುದಿಲ್ಲ. ಹೊಸ ಯೋಜನೆ ಮಾಡುವ ಊರಿನವರಿಗೆ ನನ್ನ ವಿನಂತಿ ಇಷ್ಟೇ: ಈಗಾಗಲೇ ಓಡಿಸುತ್ತಿರುವವರನ್ನು ಮೊದಲ ದಿನವೇ ಕರೆದು ಕೂರಿಸಿಕೊಳ್ಳಿ. ಅವರ ಬಸ್ಸು ಓಣಿಗಳಿಂದ ಜನರನ್ನು ನಿಲ್ದಾಣಕ್ಕೆ ತರಲಿ, ಅದಕ್ಕೆ ಕಿಲೋಮೀಟರಿಗಿಷ್ಟು ಎಂದು ದುಡ್ಡು ಕೊಡಿ. ಚಿಕ್ಕ ಬಸ್ಸಿಗೂ ದೊಡ್ಡ ಬಸ್ಸಿಗೂ ಒಂದೇ ಟಿಕೆಟು ಇರಲಿ. ದೊಡ್ಡ ಬಸ್ಸು ಓಡುವ ದಿನವೇ ಚಿಕ್ಕ ಬಸ್ಸೂ ಓಡಲಿ, ಮುಂದೆ ನೋಡೋಣ ಎಂದು ಬಿಟ್ಟದ್ದು ನಮ್ಮಲ್ಲಿ ಮುಂದೆಯೂ ಆಗುವುದಿಲ್ಲ.

ನೀರಿನ ವಿಷಯ ಒಂದು ಮಾತು. ಧಾರವಾಡ ಮಲೆನಾಡಿನ ಸೆರಗು, ನೆಲ ಏರಿಳಿತದ್ದು. ರಸ್ತೆಯನ್ನು ಅಗಲಿಸಿ ಕಾಂಕ್ರೀಟು ಹಾಕಿದಾಗ ಮಣ್ಣು ಕುಡಿಯುತ್ತಿದ್ದ ನೀರೂ ರಸ್ತೆಗೇ ಬರುತ್ತದೆ. ಟೋಲ್ ನಾಕಾದ ತಗ್ಗಿನಲ್ಲಿ ದೊಡ್ಡ ಮಳೆಗೆ ನೀರು ನಿಲ್ಲುವುದನ್ನು ನೀವೆಲ್ಲ ನೋಡಿದ್ದೀರಿ. ಬಸ್ಸಿನ ಯೋಜನೆಯನ್ನು ಓದುವವರು ಮೊದಲು ಊರಿನ ಹಳ್ಳ-ಕೊಳ್ಳದ ನಕ್ಷೆ ಓದಬೇಕು.

ಈಗ ಟ್ರಾಮ್ ತರೋಣ, ಇನ್ನೊಂದು ತರೋಣ ಎಂಬ ಮಾತೂ ಇದೆ. ತಂದರೂ ಇರಲಿ. ಅದಕ್ಕೂ ನಡುರಸ್ತೆಯ ಜಾಗವೇ ಬೇಕು, ಅದಕ್ಕೂ ಜನ ನಡೆದೇ ಬರಬೇಕು. ಹತ್ತು ಸಾವಿರ ಕೋಟಿಯ ಗಾಡಿ ತಂದು ನಿಲ್ಲಿಸಿದರೂ ನಿಲ್ದಾಣದಿಂದ ಓಣಿಗೆ ಹೋಗುವ ಐನೂರು ಮೀಟರ್ ಹಾಗೇ ಇರುತ್ತದೆ. ನಡುವಿನ ಪಥವನ್ನು ಕಿತ್ತರೆ ಒಂದೆರಡು ವರ್ಷದಲ್ಲಿ ಆ ಜಾಗವನ್ನೂ ವಾಹನಗಳು ತುಂಬುತ್ತವೆ. ಆಗ ಬಸ್ಸೂ ಇರುವುದಿಲ್ಲ, ಜಾಗವೂ ಇರುವುದಿಲ್ಲ. ಆ ಪಥಕ್ಕಾಗಿ ಮನೆ ಅಂಗಡಿ ಬಿಟ್ಟುಕೊಟ್ಟವರಿಗೆ ನಾವು ಏನು ಹೇಳುತ್ತೇವೆ?

ವಿದ್ಯಾರ್ಥಿಗಳಿಗೆ ಈ ವರ್ಷ ಒಂದು ಕೆಲಸ ಹೇಳಿದ್ದೇನೆ. ವಾಹನ ಎಣಿಸುವುದು ಬೇಡ. ಒಂದೊಂದು ನಿಲ್ದಾಣದಿಂದ ಐನೂರು ಮೀಟರ್ ನಾಲ್ಕೂ ಕಡೆ ನಡೆಯಿರಿ, ಟೇಪು ಹಿಡಿದು ಅಳೆಯಿರಿ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಕಟ್ಟಳೆಯಂತೆ ಪಾದಚಾರಿ ದಾರಿಯಲ್ಲಿ ನಡೆಯಲು 1.8 ಮೀಟರ್ ತೆರವು ಜಾಗ ಇರಬೇಕು, ಅದರ ಅಂಚು 150 ಮಿಲಿಮೀಟರಿಗಿಂತ ಎತ್ತರ ಇರಬಾರದು. ಎಲ್ಲಿ ಇದೆ, ಎಲ್ಲಿ ಇಲ್ಲ, ಎಲ್ಲಿ ಚರಂಡಿಯ ಚಪ್ಪಡಿ ಬಿದ್ದಿದೆ, ರಾತ್ರಿ ಎಂಟರ ಮೇಲೆ ಎಲ್ಲಿ ದೀಪವಿಲ್ಲ, ರಸ್ತೆ ದಾಟಲು ಎಷ್ಟು ಸೆಕೆಂಡು ಸಿಗುತ್ತದೆ, ಎಲ್ಲ ಬರೆದುಕೊಂಡು ಬನ್ನಿ. ಈ ಕೆಲಸಕ್ಕೆ ಕೋಟಿಗಟ್ಟಲೆ ಹಣ ಬೇಡ. ನಾಲ್ಕು ತಿಂಗಳಲ್ಲಿ ವರದಿ ತಯಾರಾಗುತ್ತದೆ. ಅದನ್ನು ಹಿಡಿದು ಪಾಲಿಕೆಗೂ ಸಾರಿಗೆ ಸಂಸ್ಥೆಗೂ ಹೋಗೋಣ. ಈ ಸಭೆಯಲ್ಲಿ ಕೈ ಇಳಿಸಿದವರು ನಮ್ಮ ಜೊತೆ ಬರಬೇಕೆಂದು ಕೇಳಿಕೊಳ್ಳುತ್ತೇನೆ.

ಆ ಅಜ್ಜಿಯ ಮಾತು ಬಾಕಿ ಇದೆ. ಅವರೂ ನಾನೂ ಒಂದೇ ನಿಲ್ದಾಣದಲ್ಲಿ ಇಳಿದೆವು. ಆ ಹುಡುಗ ಕೈ ಹಿಡಿದು ರಸ್ತೆ ದಾಟಿಸಿದ. ನಮ್ಮ ಕಡೆಯ ಪಾದಚಾರಿ ದಾರಿ ಎದುರಾಯಿತು. ಆಮೇಲೆ ಟೇಪು ತಂದು ಅಳೆದಿದ್ದೇನೆ, ಅದರ ಎತ್ತರ 340 ಮಿಲಿಮೀಟರ್. ಅಜ್ಜಿ ಅದರ ಮುಂದೆ ನಿಂತು, ಫೋಟೊ ಕವರನ್ನು ಕಂಕುಳಿಗೆ ಏರಿಸಿ, ನಿರಿಗೆ ಎತ್ತಿ, ಹುಡುಗನ ಮುಖ ನೋಡಿದರು.

'ಇಲ್ಲಿ ಎಷ್ಟ ಎತ್ಲೋ ತಮ್ಮಾ?'